ಸಾಕು ಅನ್ನುವ ಮೂಗು

ಬೋಸ್, ಕ್ವಿಬೆಕ್
ಜನವರಿ 14, 2022

ಪ್ರೀತಿಯ ರೊಸೇರ್,

ಅಕ್ಕನ ಕೈಬರಹ ನೋಡಿ ಯಾರೋ ಸತ್ತರು ಅಂದುಕೊಳ್ಳಬೇಡ. ಎಲ್ಲರೂ ಗಟ್ಟಿಯಾಗಿದ್ದೇವೆ. ಫೋನಿರುವುದು ಅಡುಗೆಮನೆಯಲ್ಲಿ, ಅಡುಗೆಮನೆಯಲ್ಲಿ ಸದಾ ಮಿರೇಯ್ ಇರುತ್ತಾಳೆ. ನನ್ನ ಸೊಸೆಯ ಕಿವಿ ನಿನಗೆ ಗೊತ್ತಲ್ಲ, ಮೂರು ಕೋಣೆ ಆಚೆ ಸೂಜಿ ಬಿದ್ದರೂ ಕೇಳುತ್ತದೆ. ಕಂಪ್ಯೂಟರ್ ಮುಂದೆ ಮಗರಾಯ ಲುಡೋವಿಕ್ ಕೂತಿರುತ್ತಾನೆ. ಹಾಗಾಗಿ ಕಾಗದ. ನೀನೂ ಕಾಗದವನ್ನೇ ಬರಿ, ಅಪ್ಪಿತಪ್ಪಿಯೂ ಫೋನ್ ಮಾಡಬೇಡ.

ವಿಷಯ ಇಷ್ಟೆ. ನನಗೆ ವಾಸನೆ ಬರುತ್ತಿಲ್ಲ.

ಕ್ರಿಸ್‌ಮಸ್ ಊಟ ಮುಗಿಸಿ ನೀನು ವಿಮಾನ ಹತ್ತಿದೆಯಲ್ಲ, ಆ ವಾರವೇ ನಮಗೆಲ್ಲ ಜ್ವರ ಬಂತು. ಪರೀಕ್ಷೆ ಮಾಡಿಸಿದರೆ ಕೊರೊನಾ. ಮಗ ಸೊಸೆ ಎದ್ದು ಓಡಾಡಿದರು. ನನ್ನ ಜ್ವರವೂ ಹೋಯಿತು, ಕೆಮ್ಮೂ ಹೋಯಿತು, ಹೋಗುವಾಗ ಮೂಗಿನ ಬುದ್ಧಿಯನ್ನೂ ಗಂಟು ಕಟ್ಟಿಕೊಂಡು ಹೋದವು. ನೆಗಡಿ ಇಲ್ಲ, ಉಸಿರು ಸರಾಗ. ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಸುರಿಯುತ್ತದೆ, ವಾಸನೆ ಮಾತ್ರ ಸೊನ್ನೆ. ಮೊನ್ನೆ ಒಲೆಯ ಮೇಲೆ ಹುರುಳಿಕಾಯಿ ಬೀಜ ಸೀದು ಇದ್ದಿಲಾಗಿ, ಮನೆಯೆಲ್ಲ ಹೊಗೆ ತುಂಬಿದ ಮೇಲೆ ಕಣ್ಣಿಗೆ ಕಂಡಿತು. ಮಿರೇಯ್ ಓಡಿಬಂದು, "ಅತ್ತೇ, ಪಕ್ಕದಲ್ಲೇ ನಿಂತಿದ್ದೀರಲ್ಲ!" ಅಂದಳು. ಏನೋ ಯೋಚನೆಯಲ್ಲಿದ್ದೆ ಅಂದೆ. ಅವತ್ತಿಂದ ನನ್ನನ್ನೇ ಗಮನಿಸುತ್ತಿದ್ದಾಳೆ, ಪತ್ತೇದಾರಿ.

ನೀನು ಊರು ಬಿಟ್ಟು ಎಷ್ಟೋ ವರ್ಷವಾಯಿತು, ಆದರೂ ನಮ್ಮ ಪಾಕದ ಮನೆಯ ಕಟ್ಟಳೆ ಮರೆತಿರಲಾರೆ. ಮಾರ್ಚ್ ಬಂತೆಂದರೆ ಮೇಪಲ್ ಮರ ರಸ ಬಿಡುತ್ತದೆ, ಮರಕ್ಕೆ ಕೊಳವೆ ಚುಚ್ಚಿ ಇಳಿಸಿ ಕಾಯಿಸಿದರೆ ಪಾಕ. ಏಪ್ರಿಲ್‌ನಲ್ಲಿ ಕೊಂಬೆಯೊಳಗೆ ಮೊಗ್ಗು ಕಣ್ಣು ಬಿಟ್ಟಿತೋ, ರಸ ಕೆಟ್ಟಿತು. ನೋಡಲು ಅದೇ ತಿಳಿನೀರು, ಮಾಪಕ ಇಟ್ಟರೆ ಅದೇ ಸಿಹಿ. ಕಾಯಿಸಿದಾಗ ಹಬೆಯಲ್ಲಿ ಮಾತ್ರ ಬೆಂದ ಎಲೆಕೋಸಿನಂಥ ಒಂದು ಎಳೆ ಬರುತ್ತದೆ. ಅದನ್ನು ಹಿಡಿಯಲು ಮೂಗೇ ಬೇಕು. ಒಂದು ಕೊಪ್ಪರಿಗೆ ಕೆಟ್ಟ ಪಾಕ ಬೆರೆತರೆ ಪೀಪಾಯಿಗೆ ಪೀಪಾಯಿಯೇ ಹಾಳು. ಅದಕ್ಕೇ ಕೊಪ್ಪರಿಗೆ ಮುಂದೆ ನಿಂತವಳು ಹಬೆಗೆ ಮೂಗೊಡ್ಡಿ "ಸಾಕು" ಅಂದ ದಿನ ಕಾಡಿನ ಎಲ್ಲ ಮರಗಳ ಕೊಳವೆ ಕಿತ್ತುಬಿಡುವುದು. ಎರಡನೇ ಮಾತಿಲ್ಲ. ಅಜ್ಜಿ ಅಂದಳು, ಅಮ್ಮ ಅಂದಳು, ಅಮ್ಮ ಹೋದ ಮೇಲೆ ನಾನು ಅನ್ನುತ್ತಿದ್ದೇನೆ. ನಮ್ಮನೆಯ ಒಂದು ಪೀಪಾಯಿಯೂ ತಪಾಸಣೆಯವರಿಂದ ಮೊಗ್ಗಿನ ವಾಸನೆ ಎಂದು ಗುರುತು ಹಾಕಿಸಿಕೊಂಡು ವಾಪಸ್ ಬಂದಿಲ್ಲ.

ಲುಡೋವಿಕ್‌ಗೆ ಗೊತ್ತಾದರೆ ನನಗೆ ಏಪ್ರನ್ ಕಟ್ಟಿ, ಪಟ್ಟಣದಿಂದ ಬರುವ ಪ್ರವಾಸಿಗರಿಗೆ ಪ್ಯಾನ್‌ಕೇಕ್ ಬಡಿಸಲು ಕೂರಿಸುತ್ತಾನೆ. ಅವನ ಮೂಗನ್ನು ನಂಬುವಂತಿಲ್ಲ, ಹಾಕಿ ಆಡಿ ಮುರಿಸಿಕೊಂಡದ್ದಲ್ಲದೆ ಸಿಗರೇಟು ಬೇರೆ. ಮಿರೇಯ್ ಪಟ್ಟಣದ ಹುಡುಗಿ, ಆ ವಾಸನೆಯ ಪರಿಚಯವೇ ಅವಳಿಗಿಲ್ಲ. ನೀನು ಮಿದುಳಿನ ಪ್ರಯೋಗಾಲಯದಲ್ಲಿ ಕೂತವನು. ಮಾರ್ಚ್ ಒಳಗೆ ನನ್ನ ಮೂಗು ವಾಪಸ್ ಬರುತ್ತದೋ ಇಲ್ಲವೋ, ಅಷ್ಟು ಹೇಳು.

ನಿನಗೇನೂ ಆಗಲಿಲ್ಲ ತಾನೆ?

ನಿನ್ನ ಅಕ್ಕ
ಒಡೀಲ್

*

ವ್ಯಾಂಕೂವರ್
ಜನವರಿ 25, 2022

ಅಕ್ಕಾ,

ಸಂಕಟಪಡಬೇಕಾದ ಕಡೆ ನನಗೆ ಕುತೂಹಲ ಬಂತು. ಬೈಯುವುದಾದರೆ ಈಗಲೇ ಬೈದುಬಿಡು.

ನಿನ್ನ ಮೂಗಿಗೆ ಏನೂ ಆಗಿಲ್ಲ ಎನ್ನುವುದೇ ಇಲ್ಲಿನ ಸ್ವಾರಸ್ಯ. ಮೂಗು ಬರೀ ಬಾಗಿಲು. ಬಾಗಿಲ ಚಾವಣಿಯಲ್ಲಿ ಒಂದು ಅಂಚೆಚೀಟಿಯಷ್ಟು ಜಾಗದಲ್ಲಿ ವಾಸನೆ ಹಿಡಿಯುವ ನರದ ಎಳೆಗಳಿವೆ. ಜರಡಿಯಂಥ ಒಂದು ಮೂಳೆಯ ತೂತುಗಳ ಮೂಲಕ ಅವು ನೇರ ಮಿದುಳಿಗೆ ಹೋಗುತ್ತವೆ. ಮಿದುಳು ಬೀದಿಗಾಳಿಗೆ ಇಷ್ಟು ಹತ್ತಿರ ಬರುವುದು ದೇಹದಲ್ಲಿ ಇದೊಂದೇ ಕಡೆ. ವೈರಸ್ಸು ಆ ಎಳೆಗಳನ್ನೇ ಕೊಂದಿರಬೇಕು ಎಂದು ಮೊದಲು ನಾವೆಲ್ಲ ಅಂದುಕೊಂಡಿದ್ದೆವು. ಹಾಗಲ್ಲ. ಅದು ಹೆಚ್ಚಾಗಿ ನುಗ್ಗುವುದು ಆ ಎಳೆಗಳಿಗೆ ಅನ್ನ ನೀರು ನೋಡಿಕೊಳ್ಳುವ ಅಕ್ಕಪಕ್ಕದ ಜೀವಕೋಶಗಳಿಗೆ. ಅಡುಗೆಯವಳು ಹಾಸಿಗೆ ಹಿಡಿದರೆ ಮನೆಯ ಗಂಡಸರು ಏನು ಮಾಡುತ್ತಾರೆ ಹೇಳು? ಸಾಯುವುದಿಲ್ಲ, ಆದರೆ ಕೆಲಸಕ್ಕೂ ಹೋಗುವುದಿಲ್ಲ. ನಿನ್ನ ಮೂಗಲ್ಲಿ ಈಗ ನಡೆದಿರುವುದು ಅದೇ.

ಸಂತೋಷದ ಸಂಗತಿ ಎಂದರೆ ಈ ನರಗಳು ಮತ್ತೆ ಹುಟ್ಟುತ್ತವೆ. ಬೆನ್ನುಹುರಿಯದು ಹಾಗಲ್ಲ. ಯಾವಾಗ ಅಂತ ಮಾತ್ರ ಕೇಳಬೇಡ. ಕೆಲವರಿಗೆ ವಾರಗಳಲ್ಲಿ, ಕೆಲವರಿಗೆ ವರ್ಷವಾದರೂ ಇಲ್ಲ.

ನೀನು ಮಾಡಬೇಕಾದದ್ದು: ನಾಲ್ಕು ಜಾಡಿಗಳಲ್ಲಿ ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಗುಲಾಬಿ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಮೂಸು, ಮೂಸುವಾಗ ಆ ವಾಸನೆ ಹೇಗಿತ್ತೆಂದು ಜ್ಞಾಪಿಸಿಕೊ. ಏನೂ ಬರದಿದ್ದರೂ ಬಿಡಬೇಡ. ನಡೆದಷ್ಟೂ ದಾರಿ ಸವೆಯುತ್ತದೆ.

ನಿನ್ನ ಮೂಗು ಸೋಲುವ ಮೂಗಲ್ಲ ಬಿಡು. ಫಿಲೆಮೋನ್ ಮಾವ ಬಾಜಿ ಕಟ್ಟಿ ಚರ್ಚಿನ ಬೆಂಚಿನಡಿ ಹಳಸಿದ ಚೀಸ್ ಅಡಗಿಸಿಟ್ಟಾಗ, ಪ್ರವಚನದ ಮಧ್ಯೆ ಎದ್ದು ಹೋಗಿ ಅದನ್ನು ಎಳೆದು ಪಾದ್ರಿಯ ಮುಂದೆ ಹಿಡಿದವಳು ನೀನು.

ನನಗೆ ಬರೀ ಶೀತವಾಗಿತ್ತು. ಚೆನ್ನಾಗಿದ್ದೇನೆ. ನನಗೂ ಕಾಗದವೇ ಅನುಕೂಲ, ಫೋನ್ ಬೇಡ.

ರೊಸೇರ್

*

ಬೋಸ್
ಫೆಬ್ರವರಿ 6, 2022

ತಮ್ಮಾ,

ಅಡುಗೆಯವಳು ಹಾಸಿಗೆ ಹಿಡಿದ ಕಥೆ ಓದಿ ಒಬ್ಬಳೇ ನಕ್ಕೆ. ಮಿರೇಯ್ ಬಾಗಿಲಲ್ಲಿ ಇಣುಕಿ, "ಏನತ್ತೆ, ಪ್ರೇಮಪತ್ರನಾ?" ಅಂದಳು. ನಿನ್ನ ಹೆಸರು ಹೇಳಿದೆ. "ಮಾವನ ಕಾಗದಕ್ಕೆ ಯಾರಾದ್ರೂ ನಗ್ತಾರಾ?" ಅಂದಳು.

ಜಾಡಿ ಇಟ್ಟಿದ್ದೇನೆ, ನನ್ನ ಕೋಣೆಯಲ್ಲಿ, ಹೊಲಿಗೆ ಪೆಟ್ಟಿಗೆಯ ಹಿಂದೆ. ನಿಂಬೆ, ಲವಂಗ ಸಿಕ್ಕಿತು, ನೀಲಗಿರಿ ಔಷಧದಂಗಡಿಯಲ್ಲಿತ್ತು. ಈ ಹಿಮದಲ್ಲಿ ಗುಲಾಬಿ ಎಲ್ಲಿಂದ ತರಲಿ? ಅದರ ಬದಲು ಅರ್ಮಾಂನ ಪೈಪಿನ ತಂಬಾಕು ಇಟ್ಟೆ. ಅವನು ಹೋದ ಮೇಲೆ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಕಪಾಟಿನಲ್ಲಿಟ್ಟಿದ್ದೆ. ವರ್ಷಕ್ಕೊಮ್ಮೆ, ಮದುವೆಯಾದ ದಿನ ಮಾತ್ರ ತೆಗೆಯುತ್ತಿದ್ದೆ. ತೆಗೆದರೆ ಸಾಕು, ಬೂಟು ಒದರಿಕೊಂಡು ಒಳಗೆ ಬಂದೇಬಿಡುತ್ತಿದ್ದ ನನ್ನ ಗಂಡ.

ಈ ಸಲ ಡಬ್ಬಿಯ ಮುಚ್ಚಳ ತೆಗೆದೆ. ಕಂದು ಬಣ್ಣದ ಪುಡಿ ಇತ್ತು, ಅಷ್ಟೆ. ಮೂಗನ್ನು ಒಳಗೇ ತುರುಕಿದೆ, ಸೀನು ಬಂತು, ಅವನು ಬರಲಿಲ್ಲ. ಅಳು ಬಂತು ರೊಸೇರ್. ಅವನ ಫೋಟೋ ಇದೆ, ಧ್ವನಿಯೂ ಫೋನಿನಲ್ಲಿದೆ, ಅವೆಲ್ಲ ಒಂದು ತೂಕವಾದರೆ ಇದೇ ಒಂದು ತೂಕವಾಗಿತ್ತು. ಈ ಮಾತನ್ನು ಬೇರೆ ಯಾರಿಗೂ ಹೇಳಿಲ್ಲ.

ಜ್ಞಾಪಿಸಿಕೊಳ್ಳುತ್ತಾ ಮೂಸು ಅಂದೆಯಲ್ಲ, ಅದರಲ್ಲೇ ಒಂದು ಪ್ರಶ್ನೆ. ವಾಸನೆ ಇಲ್ಲದೆ ಅದರ ನೆನಪು ಎಲ್ಲಿ ಕೂತಿರುತ್ತದೆ? ತಂಬಾಕಿನ ನೆನಪು ಇದೆ ಅಂತ ಗೊತ್ತು, ಕರೆದರೆ ಹೊರಗೆ ಬರುವುದಿಲ್ಲ. ಮಿದುಳಿನಲ್ಲಿ ಅದರ ಕೋಣೆ ಬೇರೆಯೇ? ಅಲ್ಲಿಗೆ ಹೋಗಲು ಮೂಗೊಂದೇ ಬಾಗಿಲೇ? ಇದಕ್ಕೆ ಉತ್ತರ ಬರಿ, ಬೇರೇನೂ ಬರೆಯದಿದ್ದರೂ ಪರವಾಗಿಲ್ಲ.

ಮಿರೇಯ್ ಮೇಲೆ ಒಂದು ಉಪಾಯ ನಡೆಸಿದ್ದೇನೆ. "ಇವತ್ತು ಸಾರಿಗೆ ಏನು ಹಾಕಿದೀನಿ, ವಾಸನೆ ನೋಡಿ ಹೇಳು ನೋಡೋಣ?" ಅನ್ನುತ್ತೇನೆ. ಅವಳು ಹೇಳಿದ್ದಕ್ಕೆ ತಲೆಯಾಡಿಸುತ್ತೇನೆ. ಪರೀಕ್ಷೆ ಮಾಡುವವಳಂತೆ ನಟಿಸಿ ಉತ್ತರ ಕದಿಯುವುದು. ಆದರೆ ಏಪ್ರಿಲ್‌ನಲ್ಲಿ ಕೊಪ್ಪರಿಗೆ ಮುಂದೆ ಈ ಆಟ ನಡೆಯುವುದಿಲ್ಲ.

ಒಡೀಲ್

*

ವ್ಯಾಂಕೂವರ್
ಫೆಬ್ರವರಿ 17, 2022

ಪ್ರೀತಿಯ ಅಕ್ಕ,

ಪತ್ರ ತಲುಪಿತು. ವಾಸನೆ ಹೋಗಿರುವ ವಿಷಯ ತಿಳಿದು ಬೇಸರವಾಯಿತು, ಆದರೆ ಹೆದರಬೇಡ. ಮೂಗು ಬರೀ ಬಾಗಿಲು. ವೈರಸ್ಸು ನರಗಳಿಗಿಂತ ಹೆಚ್ಚಾಗಿ ಅವುಗಳ ಪಕ್ಕದ ಜೀವಕೋಶಗಳನ್ನು ಹಿಡಿಯುತ್ತದೆ. ಅವು ಚೇತರಿಸಿಕೊಂಡರೆ ವಾಸನೆ ಬರುತ್ತದೆ.

ನಾಲ್ಕು ಜಾಡಿ ಮಾಡಿಕೊ: ನಿಂಬೆ, ಲವಂಗ, ನೀಲಗಿರಿ, ಗುಲಾಬಿ. ಬೆಳಿಗ್ಗೆ ಸಂಜೆ ಮೂಸು. ಬಿಡದೆ ಮಾಡು.

ನಿನ್ನ ಮೂಗಿನ ಮೇಲೆ ನನಗೆ ನಂಬಿಕೆಯಿದೆ. ಒಂದು ಕಥೆ ನಿನಗೆ ಜ್ಞಾಪಕವಿದೆಯೋ ಇಲ್ಲವೋ. ಫಿಲೆಮೋನ್ ಮಾವ ಚರ್ಚಿನ ಬೆಂಚಿನಡಿ ಚೀಸ್ ಅಡಗಿಸಿದ್ದಾಗ ಪ್ರವಚನದ ಮಧ್ಯೆ ಎದ್ದು ಹೋದವಳು ನೀನು.

ಇಲ್ಲಿ ಮಳೆ. ಚೆನ್ನಾಗಿದ್ದೇನೆ.

ರೊಸೇರ್

*

ಬೋಸ್
ಮಾರ್ಚ್ 1, 2022

ರೊಸೇರ್,

ನನ್ನ ಪತ್ರ ಓದುತ್ತೀಯೋ, ಇಲ್ಲ ಲಕೋಟೆ ನೋಡಿ ಉತ್ತರ ಬರೆಯುತ್ತೀಯೋ?

ಅರ್ಮಾಂನ ತಂಬಾಕಿನ ವಿಷಯ ಬರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತು ಗೊತ್ತಾ? ನೀನು ಅದೇ ನಾಲ್ಕು ಜಾಡಿ, ಅದೇ ಚೀಸ್ ಕಥೆಯನ್ನು ಮತ್ತೆ ಕಳಿಸಿದ್ದೀಯ. ರೋಗಿಗಳಿಗೆ ಕಳಿಸುವ ಅಚ್ಚು ಕಾಗದದಲ್ಲಿ ಮೇಲೊಂದು "ಅಕ್ಕ" ಸೇರಿಸಿದೆಯಾ? ನಿನ್ನ ಗಾಜಿನ ಪಟ್ಟಿಯ ಮೇಲೆ ಇಟ್ಟು ನೋಡುವ ಮಿದುಳಿನ ಚೂರಲ್ಲ ನಾನು. ನಿನಗೆ ನಡೆಯಲು ಕಲಿಸಿದವಳು.

ಹೊಸ ಸಮಾಚಾರ ಹೇಳಬಾರದು ಅಂತಿದ್ದೆ, ತಡೆಯಲಾಗಲಿಲ್ಲ. ನಿನ್ನೆ ಬೆಳಿಗ್ಗೆ ಕಾಫಿ ಲೋಟ ಬಾಯಿಗೆ ತಂದಾಗ ವಾಸನೆ ಬಂತು! ಕುಣಿದಾಡುವಷ್ಟು ಖುಷಿಯಾಗಿ ಇನ್ನೊಮ್ಮೆ ಮೂಸಿದೆ. ಟೈರು ಸುಟ್ಟು ಅದಕ್ಕೆ ಕೊಳೆತ ಈರುಳ್ಳಿ ಬೆರೆಸಿದ ಹಾಗಿತ್ತು. ಲುಡೋವಿಕ್ ಅದೇ ಕಾಫಿ ಸೊರ್ರೆಂದು ಕುಡಿದು ಇನ್ನೊಂದು ಲೋಟ ಕೇಳಿದ. ಹುರಿದ ಹಂದಿಮಾಂಸವೂ ಹಾಗೇ, ನನ್ನ ಶಾಂಪೂ ಕೂಡ ಹಾಗೇ.

ಮರಗಳಿಗೆ ತೂತು ಕೊರೆದು ಮುಗಿಯಿತು. ರಸ ಯಾವತ್ತು ಬೇಕಾದರೂ ಶುರುವಾಗಬಹುದು. ಇದು ನೆಟ್ಟಗಾಗುವ ದಾರಿಯೋ ಹದಗೆಡುವ ದಾರಿಯೋ, ಪುರುಸೊತ್ತಾದಾಗ ತಿಳಿಸು.

ಒಡೀಲ್

*

ಬೋಸ್
ಮಾರ್ಚ್ 16, 2022

ರೊಸೇರ್,

ನಿನ್ನಿಂದ ಪತ್ರವಿಲ್ಲ. ಸಿಟ್ಟಾಗಿದ್ದರೆ ಆಗು. ಆದರೆ ಇದನ್ನು ಓದು, ಪೂರ್ತಿ ಓದು.

ಶುಕ್ರವಾರ ಈ ವರ್ಷದ ಮೊದಲ ರಸ ಬಂತು. ನಾನೇ ಬೆಂಕಿ ಹಚ್ಚಿದೆ. ಹಬೆ ಏಳುವುದನ್ನೇ ಕಾದು ಮುಖ ಒಡ್ಡಿದೆ. ಅಬ್ಬಾ! ಸತ್ತ ಇಲಿ ಬಿದ್ದ ಬಾವಿಯ ಹಾಗೆ ನಾರಿತು. ಇದು ನನ್ನ ಮೂಗಿನ ಸುಳ್ಳು ಅಂತ ನನಗೆ ಗೊತ್ತು, ಮಾರ್ಚ್‌ನಲ್ಲಿ ಯಾವ ಮೊಗ್ಗು? ಗೊತ್ತಿದ್ದೂ ಕೈ ಕೇಳಲಿಲ್ಲ. ಇಷ್ಟು ವರ್ಷ ಕೆಟ್ಟ ವಾಸನೆ ಬಂದ ಕ್ಷಣ ಕೈ ಏನು ಮಾಡಿದೆಯೋ ಅದನ್ನೇ ಮಾಡಿತು. ಕೊಪ್ಪರಿಗೆಯ ತೂಬು ಎಳೆದು ಪೂರ್ತಿ ಪಾಕವನ್ನು ಹಿಮದ ಮೇಲೆ ಬಿಟ್ಟೆ.

ಲುಡೋವಿಕ್ ಸೌದೆ ಎತ್ತಿಕೊಂಡು ಒಳಗೆ ಬಂದವನು ಸೌದೆ ಬಿಟ್ಟ. "ಅಮ್ಮಾ! ತಲೆ ಕೆಟ್ಟಿದ್ಯಾ ನಿಂಗೆ? ಮೊದಲನೇ ಪಾಕ ಅದು! ಬಣ್ಣ ನೋಡು, ಚಿನ್ನ!" ಅಂತ ಕೂಗಿದ. ಆಮೇಲೆ, ನಮ್ಮೂರ ಬೈಗುಳ ಗೊತ್ತಲ್ಲ, ಪೂಜಾಪೀಠ, ಬಟ್ಟಲು, ಪ್ರಸಾದದ ಪೆಟ್ಟಿಗೆ ಅಂತ ಚರ್ಚಿನೊಳಗಿನ ಸಾಮಾನೆಲ್ಲ ಒಂದೊಂದಾಗಿ ಹೊರಗೆ ತೆಗೆದು ಬೈದ. ಪಾದ್ರಿಗೂ ಅಷ್ಟು ಸಾಮಾನಿನ ಹೆಸರು ಗೊತ್ತಿರಲಿಕ್ಕಿಲ್ಲ. ಮಿರೇಯ್ ಹಿಮದ ಮೇಲೆ ಗಟ್ಟಿಯಾದ ಪಾಕವನ್ನು ಕಡ್ಡಿಗೆ ಸುತ್ತಿ ಬಾಯಿಗಿಟ್ಟು, "ಚೆನ್ನಾಗೇ ಇದೆಯಲ್ಲ ಅತ್ತೆ..." ಅಂದಳು. ಕೊಪ್ಪರಿಗೆಯಲ್ಲಿ ತೊಳೆದ ಸೋಪು ಉಳಿದಿತ್ತು ಅಂದೆ. ಇಬ್ಬರೂ ನಂಬಲಿಲ್ಲ.

ಈಗ ದಿನಾ ಹಲ್ಲು ಕಚ್ಚಿಕೊಂಡು ಆ ನಾತದ ಮುಂದೆ ನಿಂತು ಕಾಯಿಸುತ್ತೇನೆ. ಪಾಕ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಮೊದಲಾದರೆ ಮೂಗು ಏನೂ ಹೇಳುತ್ತಿರಲಿಲ್ಲ, ಈಗ ದಿನಾ "ಸಾಕು, ಸಾಕು" ಅಂತ ಅರಚುತ್ತದೆ. ನಿಜವಾದ ಸಾಕು ಬರುವ ದಿನ ಇದರ ಗಲಾಟೆಯಲ್ಲಿ ಹೇಗೆ ಗುರುತಿಸಲಿ? ಹೆದರಿಕೆಯಾಗಿದೆ ಕಣೋ. ಅಮ್ಮನ ಹೆಸರು ನನ್ನ ಕೈಯಲ್ಲಿ ಹಾಳಾಗುತ್ತದೆ.

ಒಡೀಲ್

*

ವ್ಯಾಂಕೂವರ್
ಮಾರ್ಚ್ 22, 2022

ಅಕ್ಕಾ,

ಈ ಪತ್ರವನ್ನು ಕೆಲವು ದಿನಗಳಿಂದ ಬರೆಯುತ್ತಿದ್ದೇನೆ. ಬರೆದು, ಮಲಗಿ, ಎದ್ದು ಓದಿ, ಮುಂದಿನ ಸಾಲು.

ನಿನ್ನ ಮಾರ್ಚ್ ಮೊದಲ ಪತ್ರದಲ್ಲಿ ತಂಬಾಕು ಎಂದಿತ್ತು. ಯಾವ ತಂಬಾಕು ಎಂದು ತಿಳಿಯಲಿಲ್ಲ. ಹಳೆಯ ಪತ್ರ ತೆಗೆದು ಓದಿದೆ. ಅರ್ಮಾಂ ಬಾವನ ಡಬ್ಬಿಯ ವಿಷಯವನ್ನು ಜೀವನದಲ್ಲಿ ಮೊದಲ ಸಲ ಓದುತ್ತಿದ್ದೇನೆ ಎಂಬಂತೆ ಓದಿ ಅತ್ತೆ. ಕಣ್ಣೊರೆಸಿಕೊಂಡು ನೋಡಿದರೆ ಪತ್ರದ ಮೂಲೆಯಲ್ಲಿ ನನ್ನದೇ ಪೆನ್ಸಿಲ್ ಬರಹ: "ಓದಿದೆ, ಉತ್ತರಿಸಿದೆ."

ಕ್ರಿಸ್‌ಮಸ್ ನಂತರ ನನಗೆ ಬಂದದ್ದು ಬರೀ ಶೀತವಲ್ಲ. ನಿನ್ನದೇ ಕಾಯಿಲೆ. ವಿಮಾನದಲ್ಲಿ ಹೊತ್ತುತಂದು ನಿಮಗೆಲ್ಲ ಹಂಚಿದವನು ನಾನೇ ಇರಬೇಕು ಎಂಬ ಅಳುಕಿನಿಂದ ಹೇಳಲಿಲ್ಲ. ನನ್ನ ಮೂಗು ಚೆನ್ನಾಗಿದೆ. ಕೆಟ್ಟಿರುವುದು ಬೇರೆ. ಮಾತಾಡುತ್ತ ಮಾತಾಡುತ್ತ ಪದ ಸಿಗುವುದಿಲ್ಲ. ಮೊನ್ನೆ ಅಂಗಡಿಯಲ್ಲಿ ಪೊರಕೆ ಬೇಕಿತ್ತು, ಹೆಸರು ಬಾರದೆ "ನೆಲ ಬಾಚುವ ಬಾಚಣಿಗೆ ಕೊಡಿ" ಅಂದೆ. ಅಂಗಡಿಯವ ನಕ್ಕ, ನಾನೂ ನಕ್ಕೆ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. ಇದಕ್ಕೇ ಫೋನ್ ಬೇಡ ಅಂದದ್ದು. ಕಾಗದದಲ್ಲಿ ಪದಕ್ಕಾಗಿ ಎಷ್ಟು ಹೊತ್ತು ಕಾದರೂ ಆಚೆ ಇರುವವರಿಗೆ ತಿಳಿಯುವುದಿಲ್ಲ.

ಫೆಬ್ರವರಿಯಲ್ಲಿ ಪ್ರಯೋಗಾಲಯದಲ್ಲಿ ಎರಡು ತಟ್ಟೆಗಳ ಚೀಟಿ ಅದಲುಬದಲು ಮಾಡಿದೆ. ಒಬ್ಬರ ಮಿದುಳಿಗೆ ಇನ್ನೊಬ್ಬರ ಹೆಸರು. ಜೊತೆಗೆ ಕೆಲಸ ಮಾಡುವಾಕೆ ಕಂಡುಹಿಡಿದು, ತನ್ನದೇ ತಪ್ಪು ಅಂತ ಹೇಳಿ ನನ್ನನ್ನು ಉಳಿಸಲು ನೋಡಿದಳು. ಅದು ಇನ್ನೂ ನಾಚಿಕೆ. ನಾನೇ ರಜೆ ಹಾಕಿ ಮನೆಯಲ್ಲಿದ್ದೇನೆ.

ಏನಾಗಿರಬಹುದು ಎಂದರೆ, ವೈರಸ್ಸು ಮಿದುಳಿಗೆ ಕಾಲಿಡಲೇ ಬೇಕೆಂದಿಲ್ಲ. ಮಿದುಳಿಗೆ ತನ್ನದೇ ಕಾವಲುಗಾರರಿದ್ದಾರೆ. ಊರಲ್ಲಿ ಕಳ್ಳ ಬಂದ ಸುದ್ದಿಗೆ ಅವರು ದೊಣ್ಣೆ ಹಿಡಿದು ಎದ್ದು ಕೂರುತ್ತಾರೆ. ಕಳ್ಳ ಹೋದ ಮೇಲೂ ಕೆಲವರಲ್ಲಿ ಅವರು ಮಲಗುವುದಿಲ್ಲ, ಕತ್ತಲಲ್ಲಿ ಮನೆಯವರಿಗೇ ಬಾರಿಸುತ್ತಿರುತ್ತಾರೆ. ಹೀಗೆಂದು ನಮ್ಮವರ ಊಹೆ. ಪೂರ್ತಿ ಯಾರಿಗೂ ಗೊತ್ತಿಲ್ಲ. ತಮಾಷೆ ನೋಡು, ಇಷ್ಟು ವರ್ಷ ಬೇರೆಯವರ ಮಿದುಳನ್ನು ಹೊರಗಿನಿಂದ ನೋಡಿದವನಿಗೆ ಈಗ ತನ್ನದನ್ನು ಒಳಗಿನಿಂದ ನೋಡುವ ಅವಕಾಶ. ಹೆದರಿಕೆಯಾಗದಿದ್ದಾಗ ಬಹಳ ಸ್ವಾರಸ್ಯವಾಗಿದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಾತ ಬರುತ್ತಿರುವುದು ಒಳ್ಳೆಯ ಲಕ್ಷಣ. ನರದ ಹೊಸ ಎಳೆಗಳು ಜರಡಿಯ ತೂತು ದಾಟಿ ಮಿದುಳಿಗೆ ಬರುತ್ತಿವೆ. ಪ್ರತಿಯೊಂದಕ್ಕೂ ಅದರದೇ ಆದ ಮನೆಬಾಗಿಲಿದೆ. ಹೊಸಬರು ದಾರಿ ತಪ್ಪಿ ಪಕ್ಕದ ಮನೆಯ ಗಂಟೆ ಬಾರಿಸುತ್ತಾರೆ. ಕಾಫಿ ಕೊಳೆತ ಈರುಳ್ಳಿಯಾಗುವುದು ಹಾಗೆ. ಸರಿಹೋಗುತ್ತದೆ, ಆದರೆ ಈ ಏಪ್ರಿಲ್ ಒಳಗೆ ಅಲ್ಲ. ನಿನ್ನ ಮೂಗನ್ನು ನಂಬಿ ಕಾಯಿಸುವುದನ್ನು ನಿಲ್ಲಿಸಬೇಡ, ನಂಬದೆ ಮುಂದುವರಿಸಲೂ ಬೇಡ. ಬೇರೊಂದು ಮೂಗು ಹುಡುಕು. ಲುಡೋವಿಕ್‌ಗೆ ಹೇಳಿಬಿಡು.

ನೆನಪಿನ ಕೋಣೆಯ ಬಗ್ಗೆ ಕೇಳಿದ್ದೆಯಲ್ಲ. ವಾಸನೆಯ ದಾರಿ ಮಿದುಳಲ್ಲಿ ನೆನಪಿನ ಕೋಣೆಯ ಪಕ್ಕದಲ್ಲೇ ಹಾದುಹೋಗುತ್ತದೆ, ಬೇರೆ ಯಾವ ಇಂದ್ರಿಯಕ್ಕೂ ಅಷ್ಟು ಹತ್ತಿರದ ದಾರಿ ಇಲ್ಲ. ಬಾವ ಅಲ್ಲೇ ಇದ್ದಾನೆ ಅಕ್ಕ. ದಾರಿ ದುರಸ್ತಿಯಲ್ಲಿದೆ.

ರೊಸೇರ್

*

ಬೋಸ್
ಮಾರ್ಚ್ 29, 2022
(ತುರ್ತು ಅಂಚೆ)

ತಮ್ಮಾ,

ಅಚ್ಚು ಕಾಗದ ಅಂದೆನಲ್ಲ, ನನ್ನ ನಾಲಗೆ ಸೇದಿಹೋಗಲಿ.

ಯಾರು ತಂದರು ಅನ್ನುವ ಲೆಕ್ಕ ಬಿಡು. ಹತ್ತು ಜನ ಒಂದೇ ಮೇಜಿಗೆ ಕೂತು, ಒಂದೇ ಮಾಂಸದ ಕಡುಬಿಗೆ ಚಮಚ ಹಾಕಿ, ಆಮೇಲೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈ ಹಾಕಿ ಹಾಡಿದೆವು. ಆ ರಾತ್ರಿ ನೀನು ಬಂದಿರದಿದ್ದರೆ ನನಗೆ ಇನ್ನೂ ಹೆಚ್ಚು ನೋವಾಗುತ್ತಿತ್ತು.

ಬೇರೊಂದು ಮೂಗು ಹುಡುಕು ಅಂದೆಯಲ್ಲ. ಹುಡುಕಿದೆ. ಅದು ವ್ಯಾಂಕೂವರ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತಿದೆ. ಚಿಕ್ಕವನಿದ್ದಾಗ ಅಮ್ಮ ನಿನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಹಬೆಗೆ ಒಡ್ಡಿ "ಏನು ಬರ್ತಿದೆ ಹೇಳು ಮಗಾ?" ಅಂತಿದ್ದಳು. ನನ್ನನ್ನು ಒಂದು ಸಲವೂ ಕೇಳಲಿಲ್ಲ. ನಿನ್ನದು ನನ್ನದಕ್ಕಿಂತ ಚುರುಕು ಅಂತ ಅವಳಿಗೆ ಗೊತ್ತಿತ್ತು, ನನಗೆ ಹೊಟ್ಟೆಕಿಚ್ಚಿತ್ತು. ನೀನು ಓದಲು ಹೋದದ್ದಕ್ಕೆ ಕೊಪ್ಪರಿಗೆ ನನ್ನ ಪಾಲಿಗೆ ಬಂತು.

ಬಾ. ಪದ ಸಿಗದಿದ್ದರೆ ಇಲ್ಲಿ ಯಾರಿಗೂ ತೊಂದರೆ ಇಲ್ಲ, ನಮ್ಮ ಮನೆಯಲ್ಲಿ ಎಲ್ಲರೂ ಅಗತ್ಯಕ್ಕಿಂತ ಹೆಚ್ಚೇ ಮಾತಾಡುತ್ತಾರೆ.

ಒಡೀಲ್

ಒಂದು ಮಾತು: ಮಗ ಸೊಸೆಗೆ ನನ್ನ ಮೂಗಿನ ವಿಷಯ ಹೇಳಬೇಡ. ಸಮಯ ನೋಡಿ ನಾನೇ ಹೇಳುತ್ತೇನೆ.

*

ವ್ಯಾಂಕೂವರ್
ಮೇ 4, 2022

ಪ್ರೀತಿಯ ಅಕ್ಕ,

ನಿಮ್ಮ ಮನೆಯಿಂದ ಹೊರಟವನು ಕ್ಷೇಮವಾಗಿ ತಲುಪಿದೆ. ಪ್ರಯೋಗಾಲಯಕ್ಕೆ ವಾರದಲ್ಲಿ ಎರಡು ಬೆಳಿಗ್ಗೆ ಹೋಗುತ್ತಿದ್ದೇನೆ. ಚೀಟಿ ಅಂಟಿಸುವ ಕೆಲಸ ಬೇರೆಯವರದು.

ಒಂದು ಉಪಕಾರ ಮಾಡು. ಊರಿನದು ಬಹಳಷ್ಟು ನೆನಪಿದೆ: ಹಬೆ, ಬಟಾಣಿ ಸಾರು, ಪಾಕದಲ್ಲಿ ಬೇಯಿಸಿದ ಮೊಟ್ಟೆ, ಕೊಪ್ಪರಿಗೆಯ ಕೆಳಗೆ ಬೆಂಕಿಯ ಸದ್ದು. ಆದರೆ ಕೊನೆಯ ದಿನ, ಕೊಳವೆ ಕಿತ್ತ ದಿನ, ಒಳ್ಳೆಯ ಗಾಜಿನ ಮೇಲೆ ಯಾರೋ ಬೆರಳು ಒರೆಸಿದ ಹಾಗಿದೆ. ನಾನು ಏನೋ ಅಂದೆ, ಲುಡೋವಿಕ್ ಕೂಗಾಡಿದ, ಅಷ್ಟು ಗೊತ್ತು. ಏನಂದೆ? ಸರಿಯಾಗಿ ಅಂದೆನೋ ಇಲ್ಲವೋ? ವಿಮಾನದಲ್ಲಿ ಪೂರ್ತಿ ಅದನ್ನೇ ಯೋಚಿಸಿದೆ. ನನ್ನಿಂದ ನಿನಗೆ ನಷ್ಟವಾಗಿದ್ದರೆ ಮುಚ್ಚಿಡಬೇಡ. ಇದ್ದದ್ದನ್ನು ಇದ್ದ ಹಾಗೆ ಬರಿ.

ರೊಸೇರ್

*

ಬೋಸ್
ಮೇ 17, 2022

ತಮ್ಮಾ,

ಇದ್ದದ್ದು ಇದ್ದ ಹಾಗೆ ತಾನೆ? ಕೇಳು.

ಮೊದಲನೆಯದಾಗಿ, ನೀನು ಬಂದ ದಿನವೇ ಗುಟ್ಟು ರಟ್ಟು ಮಾಡಿದೆ. ಮೇಜಿಗೆ ಕೂತು ಒಂದು ಚಮಚ ಸಾರು ಕುಡಿದು, "ಅಕ್ಕಂಗೆ ವಾಸನೆ ಬರಲ್ವಲ್ಲ, ಅದಕ್ಕೇ ಬಂದೆ" ಅಂದೆ. ಅದು ಗುಟ್ಟು ಎನ್ನುವುದನ್ನೇ ಮರೆತಿದ್ದೆ ನೀನು. ಲುಡೋವಿಕ್ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ. ನಾನು ನೆಲ ಬಿರಿಯಲಿ ಅಂತ ಕೂತಿದ್ದೆ. ಮಿರೇಯ್ ಮಾತ್ರ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, "ನಂಗೆ ಜನವರಿಯಿಂದ ಗೊತ್ತಿತ್ತು ಅತ್ತೆ. ಒಡೆದ ಹಾಲು ಯಾರು ಚೆಲ್ತಿದ್ರು ಅಂದ್ಕೊಂಡ್ರಿ? ನಿಮ್ಮ ಮಾನ ಹೋಗುತ್ತೆ ಅಂತ ಸುಮ್ಮನಿದ್ದೆ" ಅಂದಳು. ನಾನು ಪತ್ತೇದಾರಿ ಅಂದುಕೊಂಡವಳು ಚಳಿಗಾಲವೆಲ್ಲ ನನ್ನನ್ನು ಕಾಯುತ್ತಿದ್ದಳು.

ಇನ್ನು ಆ ದಿನ. ಈಸ್ಟರ್ ಮುಗಿದ ವಾರ. ಹಿಂದಿನ ರಾತ್ರಿ ಹೆಪ್ಪುಗಟ್ಟುವ ಚಳಿ, ಬೆಳಿಗ್ಗೆ ಬಿಸಿಲು, ರಸ ಕೊಳವೆಯಲ್ಲಿ ಹೊಳೆಯಂತೆ ಬರುತ್ತಿತ್ತು. ನೋಡಿದರೆ ಕನ್ನಡಿ. ನೀನು ದಿನದಂತೆ ಹಬೆಗೆ ಬಾಗಿದೆ. ಬಾಗಿದವನು ಏಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಇದೆ ಅಕ್ಕ. ಸಣ್ಣದಾಗಿ ಇದೆ" ಅಂದೆ.

ಲುಡೋವಿಕ್ ಸಿಡಿದೆದ್ದ. "ಏನಿದೆ? ಎಲ್ಲಿದೆ? ಪಕ್ಕದ್ಮನೆ ಗೆಡೆಯೋಂ ಇನ್ನೂ ಒಂದು ವಾರ ಕಾಯಿಸ್ತಾನಂತೆ! ಮಾವ ಬೆಳಿಗ್ಗೆ ಎರಡು ಸಲ ತಿಂಡಿ ತಿಂದ್ರು, ಮೊದಲು ತಿಂದದ್ದೇ ನೆನಪಿಲ್ಲ! ಅವರ ಮಾತು ಕೇಳಿ ಕಾಡೆಲ್ಲ ಕಿತ್ತು ಹಾಕ್ಬೇಕಾ?"

ನಿನಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ನೀನು ನಕ್ಕೆ. "ತಿಂಡಿ ತಿಂದದ್ದು ನಿನ್ನೆ ಮೊನ್ನೆಯ ಲೆಕ್ಕ ಕಣೋ, ಅದು ಮರೆತುಹೋಗುತ್ತೆ. ಇದು ಈಗ ನಾರ್ತಿದೆ. ಈಗಿಂದನ್ನ ಹೇಳೋಕೆ ನೆನಪ್ಯಾಕೆ ಬೇಕು?" ಅಂದೆ.

ಇಬ್ಬರೂ ನನ್ನ ಮುಖ ನೋಡಿದಿರಿ. ನಾನೂ ಬಾಗಿದೆ. ಅದೇ ಸತ್ತ ಇಲಿ, ನಿನ್ನೆಯದೇ, ಮೊನ್ನೆಯದೇ. ಏನೂ ತಿಳಿಯಲಿಲ್ಲ. ಒಂದು ಕಡೆ ಹೊಳೆಯಂತೆ ಬರುತ್ತಿರುವ ರಸ, ಇನ್ನೊಂದು ಕಡೆ ನನ್ನ ಪತ್ರ ಓದಿದ್ದನ್ನೇ ಮರೆತ ತಮ್ಮ. ನಿಜ ಹೇಳುತ್ತೇನೆ, ನಿನ್ನನ್ನು ನಂಬಬೇಕೆಂದು ಮನಸ್ಸಿಗೆ ಬರಲಿಲ್ಲ. ಆದರೆ ನಿನ್ನ ಮುಖ ನೋಡಿದೆ. ಕ್ರಿಸ್‌ಮಸ್ ಆದಮೇಲೆ ಮೊದಲ ಸಲ ನೀನು ಪದ ಹುಡುಕದೆ ಒಂದು ಮಾತು ಹೇಳಿ ಮುಗಿಸಿದ್ದೆ. ನಾನು "ಸಾಕು" ಅಂದೆ. ಲುಡೋವಿಕ್ ಚರ್ಚಿನ ಸಾಮಾನಿನ ಹೆಸರೆಲ್ಲ ಹಿಡಿದು ಬೈಯುತ್ತಲೇ ಹೋಗಿ ಕೊಳವೆ ಕೀಳಲು ಶುರುಮಾಡಿದ. ನಿನ್ನ ಕೈಯಲ್ಲೂ ಸುತ್ತಿಗೆ ಇತ್ತು, ನೀನೂ ಕಿತ್ತೆ, ಸಂಜೆವರೆಗೆ.

ಸರಿಯೋ ತಪ್ಪೋ ಅಂತ ಕೇಳಿದ್ದೀಯ. ಕಳೆದ ವಾರ ತಪಾಸಣೆಯವರು ಪೀಪಾಯಿ ನೋಡಿ ಹೋದರು. ನಮ್ಮದರಲ್ಲಿ ಒಂದಕ್ಕೂ ಗುರುತಿಲ್ಲ. ಗೆಡೆಯೋಂ ಇನ್ನೂ ಒಂದು ವಾರ ಕಾಯಿಸಿದ್ದ. ಅವನ ಕೊನೆಯ ಎರಡು ಪೀಪಾಯಿಗೆ ಮೊಗ್ಗಿನ ಗುರುತು ಬಿತ್ತು, ಅದಕ್ಕೆ ಮುಂಚಿನವೆಲ್ಲ ಶುದ್ಧ. ಅಂದರೆ ನೀನು ಮೂರ್ನಾಲ್ಕು ದಿನ ಮುಂಚೆಯೇ ನಿಲ್ಲಿಸಿಬಿಟ್ಟೆ. ಮುಚ್ಚಿಡಬೇಡ ಅಂದೆಯಲ್ಲ, ಮುಚ್ಚಿಟ್ಟಿಲ್ಲ. ಇನ್ನೊಂದನ್ನೂ ಕೇಳು. ಅಮ್ಮನೂ ಪ್ರತಿ ವರ್ಷ ಮೂರ್ನಾಲ್ಕು ದಿನ ಮುಂಚೆಯೇ ನಿಲ್ಲಿಸುತ್ತಿದ್ದಳು. ಗೆಡೆಯೋಂನ ಅಪ್ಪ ಜೀವಮಾನವೆಲ್ಲ ಆಡಿಕೊಂಡು ನಕ್ಕ. ನಾನು ಅವಳಷ್ಟು ಕಟ್ಟುನಿಟ್ಟಲ್ಲ, ಎರಡು ದಿನ ಎಳೆಯುತ್ತಿದ್ದೆ. ಬೇರೆ ಯಾರಿಗೂ ಬಾರದ ಎಳೆ ಅವಳಿಗೆ ಬರುತ್ತಿತ್ತು. ಅದು ನಿನ್ನಲ್ಲಿ ಇನ್ನೂ ಇದೆ, ಕಾಯಿಲೆ ಅದನ್ನು ಮುಟ್ಟಿಲ್ಲ. ನನಗೆ ಬೇಕಾದ ಉತ್ತರ ಅದೇ ಆಗಿತ್ತು.

ಪ್ಯಾನ್‌ಕೇಕಿನ ವಿಷಯ ನಾನೇ ಎತ್ತಿದೆ. ಲುಡೋವಿಕ್‌ಗೆ, ಇನ್ನು ಕೊಪ್ಪರಿಗೆ ನೀನೇ ನೋಡಿಕೊ, ನಾನು ಬಡಿಸಲು ನಿಲ್ಲುತ್ತೇನೆ ಅಂತ ಹೇಳಿದೆ. ಅವನು ತಲೆ ಕೆರೆದುಕೊಂಡು, "ಅಯ್ಯೋ ಬೇಡಮ್ಮ. ರಸ ಹಾಗೆ ಹರೀತಿರುವಾಗ ನನ್ನ ಬಾಯಲ್ಲಿ ಸಾಕು ಅನ್ನೋ ಮಾತು ಬರ್ತಿರ್ಲಿಲ್ಲ. ಮೂಗು ಯಾರದಾದ್ರೂ ಆಗ್ಲಿ, ಆ ಮಾತು ನೀನೇ ಹೇಳು. ಅಲ್ದೆ ನೀನು ಬಡಿಸೋಕೆ ನಿಂತ್ರೆ ಪ್ರವಾಸಿಗರು ಬೈಸ್ಕೊಂಡು ಓಡಿಹೋಗ್ತಾರೆ" ಅಂದ. ಇಷ್ಟು ದಿನ ಯಾವುದಕ್ಕೆ ಹೆದರಿ ಸತ್ತೆನೋ ಅದು ಇಷ್ಟರಲ್ಲಿ ಮುಗಿಯಿತು.

ಪತ್ರ ಇಲ್ಲಿಗೆ ಮುಗಿಸಬೇಕಿತ್ತು. ನಿನ್ನೆ ಸಂಜೆ ನಡೆದದ್ದು ಕೇಳು. ಕೊಪ್ಪರಿಗೆ ತೊಳೆದು ಬರುತ್ತಿದ್ದೆ. ಸೌದೆ ರಾಶಿಯ ಹಿಂದಿನಿಂದ ಕರಿಬಿಳಿ ಪಟ್ಟೆಯ ಸ್ಕಂಕ್ ಒಂದು ಬಂತು, ನಾಯಿ ಬೊಗಳಿತು, ಅದು ಬಾಲ ಎತ್ತಿ ತನ್ನ ನಾತದ ನೀರು ಸಿಡಿಸಿಯೇಬಿಟ್ಟಿತು. ರೊಸೇರ್, ಅದು ನಾರಿತು! ಟೈರಲ್ಲ, ಕೊಳೆತ ಈರುಳ್ಳಿಯಲ್ಲ, ಸತ್ತ ಇಲಿಯಲ್ಲ. ಸ್ಕಂಕ್ ಹೇಗೆ ನಾರಬೇಕೋ ಹಾಗೇ ನಾರಿತು! ನಾಯಿ ಓಡಿಹೋಯಿತು, ನಾನು ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಮಿರೇಯ್ ಮೂಗು ಹಿಡಿದುಕೊಂಡು ದೂರದಿಂದಲೇ, "ಅತ್ತೇ, ಈಚೆ ಬನ್ನಿ! ಅಳ್ತಿದ್ದೀರಾ ನಗ್ತಿದ್ದೀರಾ?" ಅಂತ ಕೂಗಿದಳು. ಎರಡೂ ಕಣೇ ಅಂದೆ. ಇಡೀ ಊರಲ್ಲಿ ಆ ನಾತಕ್ಕೆ ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಬೆಳಿಗ್ಗೆ ಎದ್ದು ಕಾಫಿ ಮೂಸಿದರೆ ಮತ್ತೆ ಟೈರು. ಇರಲಿ. ಒಬ್ಬನಾದರೂ ಸರಿಯಾದ ಮನೆಯ ಗಂಟೆ ಬಾರಿಸಿದನಲ್ಲ.

ಮುಂದಿನ ಮಾರ್ಚಿಗೆ ಬಾ. ಅಷ್ಟರಲ್ಲಿ ನನ್ನ ಮೂಗು ಪೂರ್ತಿ ಸರಿಹೋಗಿದ್ದರೂ ಬಾ. ಇದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊ. ಮರೆತರೂ ಚಿಂತೆಯಿಲ್ಲ, ನಾನು ಪ್ರತಿ ಪತ್ರದಲ್ಲೂ ಮತ್ತೆ ಬರೆಯುತ್ತೇನೆ, ನೀನು ಪ್ರತಿ ಸಲವೂ ಮೊದಲ ಸಲ ಓದಿದಂತೆ ಖುಷಿಪಡು.

ನಿನ್ನ ಅಕ್ಕ
ಒಡೀಲ್